ಲೀಸ್‌ಗೆ ಮನೆ ಹಿಡಿಯುವ ಮುನ್ನ ನೋಡಬೇಕಾದ ಕಾಗದಗಳು

ಬೆಂಗಳೂರಿನಲ್ಲಿ ತಿಂಗಳ ಬಾಡಿಗೆಯ ಬದಲು ಲಕ್ಷಗಟ್ಟಲೆ ಹಣವನ್ನು ಒಟ್ಟಿಗೆ ಕೊಟ್ಟು, ಎರಡು-ಮೂರು ವರ್ಷ ಇದ್ದು, ಬಿಡುವಾಗ ಅಷ್ಟನ್ನೂ ವಾಪಸ್ ಪಡೆಯುವುದಕ್ಕೆ ಲೀಸ್ ಅಥವಾ ಭೋಗ್ಯ ಎನ್ನುತ್ತಾರೆ. ಮಾಲೀಕರಿಗೆ ಇದು ಬಡ್ಡಿಯಿಲ್ಲದ ಸಾಲ, ಸಾಲ ಕೊಡುವವರು ನೀವು. ಹಾಗಾಗಿ ಗಾಳಿ-ಬೆಳಕಿಗಿಂತ ಮೊದಲು ಕಾಗದ ನೋಡಿ.

ಎಲ್ಲಕ್ಕಿಂತ ಮುಖ್ಯ, ಮನೆಯ ಮೇಲೆ ಬ್ಯಾಂಕ್ ಸಾಲ ಇದೆಯೇ ಎಂಬುದು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ, ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆಯಿರಿ. ಅಷ್ಟೇ ಸಾಲದು. ಹಕ್ಕುಪತ್ರ ಒತ್ತೆಯಿಟ್ಟು ಪಡೆದ ಸಾಲ ನೋಂದಣಿಯಾಗಿರದಿದ್ದರೆ ಇಸಿಯಲ್ಲಿ ಕಾಣುವುದಿಲ್ಲ. ಅದಕ್ಕೇ ಅಸಲು ಕ್ರಯಪತ್ರವನ್ನು ಕಣ್ಣಾರೆ ನೋಡಬೇಕು. ‘ಜೆರಾಕ್ಸ್ ಇದೆ, ಅಸಲು ಊರಲ್ಲಿದೆ’ ಎಂದರೆ ಅದು ಬ್ಯಾಂಕಿನಲ್ಲಿರಬಹುದು ಎಂದೇ ಎಣಿಸಿ. ಬ್ಯಾಂಕುಗಳ ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿ ಸಂಸ್ಥೆಯಾದ ಸೆರ್ಸಾಯ್ (CERSAI) ಜಾಲತಾಣದಲ್ಲೂ ಶುಲ್ಕ ಕಟ್ಟಿ ಅಡಮಾನ ಹುಡುಕಬಹುದು.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಂ ಪ್ರಕಾರ, ಅಡಮಾನದಲ್ಲಿರುವ ಮನೆಯನ್ನು ಮಾಲೀಕರು ತಾವಾಗಿಯೇ ಮೂರು ವರ್ಷ ಮೀರಿ ಕೊಡುವಂತಿಲ್ಲ, ಮುಂಗಡವಾಗಿ ಬಾಡಿಗೆಯನ್ನೂ ಪಡೆಯುವಂತಿಲ್ಲ. ಸಾಲ ಕಟ್ಟದೆ ಬ್ಯಾಂಕ್ ಮನೆ ವಶಕ್ಕೆ ತೆಗೆದುಕೊಂಡರೆ ನಿಮ್ಮ ಲೀಸ್ ಹಣ ಅದಕ್ಕೆ ಲೆಕ್ಕಕ್ಕಿಲ್ಲ, ಮನೆ ಖಾಲಿ ಮಾಡಿ ಮಾಲೀಕರ ಹಿಂದೆ ಅಲೆಯಬೇಕಾಗುತ್ತದೆ. ಸಾಲವಿದ್ದೂ ಆ ಮನೆಯೇ ಬೇಕೆಂದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದೇ ಮುಂದುವರಿಯಿರಿ.

ಹಣವನ್ನು ಕ್ರಯಪತ್ರದಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೇ ಹಾಕಿ. ಅಣ್ಣ-ತಮ್ಮಂದಿರ ಜಂಟಿ ಆಸ್ತಿಯಾದರೆ ಎಲ್ಲರ ಸಹಿ ಬೇಕು. ಮಾಲೀಕರಿಗೆ ತಿಂಗಳ ಬಾಡಿಗೆ ಕೊಟ್ಟು, ನಿಮ್ಮಿಂದ ಲೀಸ್ ಹಣ ಪಡೆಯುವ ಮಧ್ಯವರ್ತಿಗಳ ಸಹವಾಸವೇ ಬೇಡ. ಅವರು ಬಾಗಿಲು ಮುಚ್ಚಿದ ದಿನ ‘ನನಗೆ ಬಾಡಿಗೆ ಬಂದಿಲ್ಲ, ಮನೆ ಬಿಡಿ’ ಎನ್ನುವ ಮಾಲೀಕರು ನಿಮ್ಮಿಂದ ಒಂದು ರೂಪಾಯಿಯನ್ನೂ ಪಡೆದಿರುವುದಿಲ್ಲ.

11 ತಿಂಗಳ ಛಾಪಾ ಕಾಗದಕ್ಕೆ ನೋಟರಿ ಮಾಡಿಸಿ ಸುಮ್ಮನಾಗುವವರೇ ಹೆಚ್ಚು. ಒಂದು ವರ್ಷ ಮೀರುವ ಲೀಸ್‌ಗೆ ನೋಂದಣಿ ಕಡ್ಡಾಯ. ನೋಂದಣಿ ಇಲ್ಲದಿದ್ದರೆ ಮೂರು ವರ್ಷದ ಅವಧಿಯನ್ನು ನ್ಯಾಯಾಲಯದಲ್ಲಿ ಆ ಪತ್ರದಿಂದ ಸಾಬೀತುಪಡಿಸುವುದು ಕಷ್ಟ. ಸಬ್‌ರಿಜಿಸ್ಟ್ರಾರ್ ಕಚೇರಿಯ ಖರ್ಚು ನೋಡಿ ಹಿಂಜರಿಯಬೇಡಿ. ನೋಂದಣಿಯಾದರೆ ಲೀಸ್ ಇಸಿಯಲ್ಲೂ ಬರುತ್ತದೆ, ಮನೆ ಕೊಳ್ಳಲು ಬಂದವರಿಗೂ ಗೊತ್ತಾಗುತ್ತದೆ.

ಕರಾರಿನಲ್ಲಿ ಹಣ ಮರಳಿಸುವ ದಿನ, ತಡವಾದರೆ ಬಡ್ಡಿ, ನೋಟಿಸ್ ಅವಧಿ, ದೊಡ್ಡ ರಿಪೇರಿ ಯಾರದು, ಬಣ್ಣದ ಖರ್ಚು ಎಷ್ಟು ಎಂಬುದೆಲ್ಲ ಬರೆದಿರಲಿ. ಕರೆಂಟು, ನೀರಿನ ಬಿಲ್ಲು ನಿಮ್ಮದು. ಮಾಲೀಕರ ಒಪ್ಪಿಗೆಯಿಲ್ಲದೆ ಗೋಡೆ ಒಡೆಯುವುದು, ಪಕ್ಕಾ ಕಟ್ಟೋಣ ಮಾಡುವುದು ಸಲ್ಲದು. ಅವಧಿ ಮುಗಿದ ಮೇಲೆ ಮನೆ ಬಿಡುವ ಹೊಣೆಯೂ ನಿಮ್ಮದೇ.

ಲೀಸ್ ಹಣ ಮರಳಿಸಲು ಮಾಲೀಕರು ಕೊಟ್ಟ ಚೆಕ್ ಬೌನ್ಸ್ ಆದರೆ ದಿನ ಎಣಿಸಿ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್, ಅದು ತಲುಪಿ 15 ದಿನವಾದರೂ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಚೆಕ್ಕಿಗೆ ಅದರ ದಿನಾಂಕದಿಂದ ಮೂರು ತಿಂಗಳಷ್ಟೇ ಆಯುಸ್ಸು, ದಿನಾಂಕ ಹಾಕಿ ಮರೆತು ಕೂತರೆ ಅದು ಬರೀ ಕಾಗದ. ಹಣ ಖಾತೆಗೆ ಬಿದ್ದ ಮೇಲೆಯೇ ಕೀಲಿ ಕೊಟ್ಟು ರದ್ದತಿ ಪತ್ರಕ್ಕೆ ಸಹಿ ಹಾಕಿ.