ಕಾರವಾರದ ತೇವದ ಗಾಳಿಯಲ್ಲಿ ಮಾದರಿಗಳಿಗೆ ಮ್ಯಾಟ್ ಲೇಪ

ಹಡಗು, ವಿಮಾನಗಳ ಪ್ಲಾಸ್ಟಿಕ್ ಮಾದರಿಯನ್ನು ವಾರಗಟ್ಟಲೆ ಕುಳಿತು ಜೋಡಿಸಿ, ಬಣ್ಣ ಹಚ್ಚಿ, ಕೊನೆಯ ದಿನ ಹೊಡೆದ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್‌ನಿಂದ ಅದು ಬೂದಿ ಎರಚಿದಂತೆ ಬೆಳ್ಳಗಾಗುವುದನ್ನು ನಮ್ಮ ಕರಾವಳಿಯ ಹೊಸ ಹವ್ಯಾಸಿಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಕೈಚಳಕದಲ್ಲಿ ಹಿಂದೆ ಬಿದ್ದವರಲ್ಲ. ಗಾಳಿಯ ತೇವವನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು.

ಈ ಲೇಪ ಏಕೆ ಬೇಕು ಎಂಬುದನ್ನು ಮೊದಲು ತಿಳಿಯೋಣ. 1/72 ಪ್ರಮಾಣದ ವಿಮಾನವನ್ನು 30 ಸೆಂ.ಮೀ. ದೂರದಿಂದ ನೋಡುವುದೆಂದರೆ ನಿಜವಾದ ವಿಮಾನವನ್ನು ಸುಮಾರು 22 ಮೀಟರ್ ದೂರದಿಂದ ನೋಡಿದ ಹಾಗೆ. ಅಷ್ಟು ದೂರದಲ್ಲಿ ಬಣ್ಣದ ಹೊಳಪು ತಗ್ಗಿ ಕಾಣುವುದರಿಂದ, ಮಿನುಗುವ ಮಾದರಿ ಕಣ್ಣಿಗೆ ಆಟಿಕೆಯಾಗಿಯೇ ತೋರುತ್ತದೆ. ಮ್ಯಾಟ್ ವಾರ್ನಿಷ್‌ನಲ್ಲಿ ಸಾಮಾನ್ಯವಾಗಿ ಸಿಲಿಕಾದ ಅತಿ ಸಣ್ಣ ಕಣಗಳಿರುತ್ತವೆ. ಅವು ಮೇಲ್ಮೈಯನ್ನು ಸೂಕ್ಷ್ಮವಾಗಿ ಒರಟಾಗಿಸಿ ಬೆಳಕನ್ನು ಚದುರಿಸುತ್ತವೆ. ಜೊತೆಗೆ ಡೆಕಾಲ್‌ಗಳ, ಅಂದರೆ ಮಾದರಿಗೆ ಅಂಟಿಸುವ ತೆಳು ಚಿಹ್ನೆ-ಅಕ್ಷರಗಳ, ಅಂಚನ್ನೂ ಮರೆಮಾಡುತ್ತವೆ.

ಪೂರ್ವಸಿದ್ಧತೆ ಸರಳವಾದದ್ದು. ಬಣ್ಣ ಪೂರ್ತಿ ಒಣಗಿದ ಮೇಲೆ ಹೊಳಪಿನ ಕ್ಲಿಯರ್ ಲೇಪ ಕೊಟ್ಟು, ಅದರ ಮೇಲೆ ಡೆಕಾಲ್ ಅಂಟಿಸಿ, ಡೆಕಾಲ್ ದ್ರಾವಣದ ಕಲೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಂದು ದಿನ ಒಣಗಲು ಬಿಡಬೇಕು. ಕಿಟಕಿ ಗಾಜು, ಕಾಕ್‌ಪಿಟ್‌ನ ಪಾರದರ್ಶಕ ಭಾಗಗಳನ್ನು ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು. ಲೋಹದ ಮಿನುಗು ಉಳಿಯಬೇಕಾದ ಭಾಗಗಳಿದ್ದರೆ ಅವನ್ನೂ ಮುಚ್ಚಬೇಕು.

ಇನ್ನು ದಿನವನ್ನು ಆರಿಸುವ ಮಾತು. ಲ್ಯಾಕರ್ (ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿಸಿದ ವಾರ್ನಿಷ್) ಆಧಾರಿತ ಸ್ಪ್ರೇಯ ದ್ರಾವಕ ವೇಗವಾಗಿ ಆವಿಯಾಗುವಾಗ ಮಾದರಿಯ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಆ ತಣ್ಣನೆಯ ಮೇಲ್ಮೈಯಲ್ಲಿ ನೀರು ಸಾಂದ್ರೀಕರಿಸಿ, ಒಣಗುತ್ತಿರುವ ಪದರದೊಳಗೆ ಸಿಕ್ಕಿಬಿದ್ದು ಬಿಳಿ ಮಬ್ಬಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರ, ಅಂಕೋಲಾ, ಕುಮಟಾಗಳಲ್ಲಿ ಆರ್ದ್ರತೆ ಶೇ 80 ದಾಟುವುದು ಸಾಮಾನ್ಯ. ಆದ್ದರಿಂದ ಮಳೆಗಾಲದಲ್ಲಿ ಲ್ಯಾಕರ್ ಸ್ಪ್ರೇಯನ್ನು ಮುಟ್ಟಲೇಬೇಡಿ. ಚಿಕ್ಕದೊಂದು ಆರ್ದ್ರತಾ ಮಾಪಕ ಕೊಂಡು, ಅದು ಶೇ 65ಕ್ಕಿಂತ ಕೆಳಗೆ ತೋರಿಸಿದಾಗ ಮಾತ್ರ ಕೆಲಸಕ್ಕೆ ಇಳಿಯಿರಿ. ನವೆಂಬರ್‌ನಿಂದ ಫೆಬ್ರುವರಿಯವರೆಗಿನ ದಿನಗಳು ನಮಗೆ ಅನುಕೂಲ. ಮುಂಜಾನೆಯ ಮಂಜು, ತೇವ ಕಳೆದು ಬಿಸಿಲೇರಿದ ಮೇಲಿನ ಹೊತ್ತು ಇನ್ನೂ ಒಳ್ಳೆಯದು. ಮಳೆಗಾಲದಲ್ಲೇ ಮುಗಿಸಬೇಕಾದ ಅನಿವಾರ್ಯತೆ ಇದ್ದರೆ ನೀರಿನ ಆಧಾರದ ಅಕ್ರಿಲಿಕ್ ವಾರ್ನಿಷ್ ಆರಿಸಿ, ಏರ್‌ಬ್ರಷ್‌ನಲ್ಲಿ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) 15ರಿಂದ 20 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಹೊಡೆದು, ಒಣಗಲು ಹೆಚ್ಚು ಸಮಯ ಕೊಡಿ.

ಸ್ಪ್ರೇ ಕ್ಯಾನಿನೊಳಗಿನ ಗುಂಡು ಸದ್ದು ಮಾಡಲು ಆರಂಭಿಸಿದ ಮೇಲೂ ಎರಡು ನಿಮಿಷ ಕುಲುಕಬೇಕು. ಬಾಟಲಿಯಾದರೆ ತಳದವರೆಗೆ ಕಡ್ಡಿ ಇಳಿಸಿ ಕಲಕಬೇಕು. ಸಿಲಿಕಾ ತಳದಲ್ಲೇ ಕುಳಿತಿದ್ದರೆ ಮೊದಲು ಬರುವುದು ಅರೆಹೊಳಪು, ಕೊನೆಗೆ ಬರುವುದು ಬಿಳಿ ಗಷ್ಟು. ಚಳಿ ದೇಶದವರ ವಿಡಿಯೊ ನೋಡಿ ಕ್ಯಾನನ್ನು ಬಿಸಿನೀರಿನಲ್ಲಿ ಇಡುವ ಪದ್ಧತಿ ನಮ್ಮ ಸೆಕೆಗೆ ಅನಗತ್ಯ, ನೀರು ಹೆಚ್ಚು ಬಿಸಿಯಾದರೆ ಅಪಾಯಕಾರಿಯೂ ಹೌದು.

ಸಿಂಪಡಿಸುವಾಗಲೇ ಹೆಚ್ಚಿನವರು ಎಡವುತ್ತಾರೆ. ಮೊದಲು ಕಪ್ಪು ಬಣ್ಣ ಬಳಿದ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ಅರ್ಧ ಗಂಟೆ ಕಾಯಿರಿ. ಮಬ್ಬು ಬರುವುದಿದ್ದರೆ ಕಪ್ಪಿನ ಮೇಲೆ ಬೇಗ ಕಾಣುತ್ತದೆ. ಮಾದರಿಯಿಂದ 20ರಿಂದ 25 ಸೆಂ.ಮೀ. ದೂರದಲ್ಲಿ ಕ್ಯಾನ್ ಹಿಡಿದು, ಮಾದರಿಯ ಹೊರಗೆ ಒತ್ತಲು ಆರಂಭಿಸಿ, ಒಂದೇ ವೇಗದಲ್ಲಿ ಅದರ ಮೇಲೆ ಸಾಗಿಸಿ, ಆಚೆ ಬದಿ ದಾಟಿದ ಮೇಲೆಯೇ ಬೆರಳು ತೆಗೆಯಬೇಕು. ದೂರ ಹೆಚ್ಚಿದರೆ ಹನಿಗಳು ಗಾಳಿಯಲ್ಲೇ ಒಣಗಿ ಮರಳುಪುಡಿ ಬಿದ್ದಂತೆ ಒರಟಾಗುತ್ತವೆ. ತೀರಾ ಹತ್ತಿರವಾದರೆ ದ್ರವ ಸಂದುಗಳಲ್ಲಿ ನಿಂತು, ಅಲ್ಲಿ ಸಿಲಿಕಾ ಗುಂಪಾಗಿ ಬಿಳಿ ಗೆರೆ ಮೂಡುತ್ತದೆ. ಮೊದಲ ಲೇಪ ಬಿತ್ತೋ ಇಲ್ಲವೋ ಎನ್ನುವಷ್ಟು ತೆಳುವಾಗಿರಲಿ. ಅದು ಹೊಳಪನ್ನು ಪೂರ್ತಿ ಮುಚ್ಚಲಿಲ್ಲವೆಂದು ಅಲ್ಲೇ ಮತ್ತೆ ಮತ್ತೆ ಹೊಡೆಯುವ ಆಸೆಯನ್ನು ತಡೆಯಿರಿ. ಹದಿನೈದು ನಿಮಿಷ ಬಿಟ್ಟು ಎರಡನೆಯದು, ಬೇಕಿದ್ದರೆ ಮೂರನೆಯದು. ಅಲ್ಲಿಗೆ ನಿಲ್ಲಿಸಬೇಕು.

ಕಿಟಕಿ ತೆರೆದಿಡಿ, ದ್ರಾವಕದ ಆವಿ ತಡೆಯುವ ಮಾಸ್ಕ್ ಧರಿಸಿ. ದೇವರ ದೀಪ, ಗ್ಯಾಸ್ ಒಲೆ ಉರಿಯುತ್ತಿರುವಾಗ ಮನೆಯೊಳಗೆ ಇದನ್ನು ಹೊಡೆಯಬಾರದು.

ತಮಿಯಾದ ಟಿಎಸ್-80 ಅಥವಾ ಮಿಸ್ಟರ್ ಸೂಪರ್ ಕ್ಲಿಯರ್‌ನ ಮ್ಯಾಟ್ ಕ್ಯಾನ್ ಆರಂಭಿಕರಿಗೆ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಮರ, ಕಬ್ಬಿಣದ ವಾರ್ನಿಷ್ ಸ್ಪ್ರೇಯನ್ನು ಮಾದರಿಯ ಹತ್ತಿರ ತರಬೇಡಿ: ಅದರ ಪದರ ದಪ್ಪ, ಅದರ ಕಟು ದ್ರಾವಕ ಡೆಕಾಲನ್ನು ಸುಕ್ಕುಗಟ್ಟಿಸಬಲ್ಲದು. ಹೊಳಪಿನ ವಾರ್ನಿಷ್‌ಗೆ ಟಾಲ್ಕಮ್ ಪೌಡರ್ ಬೆರೆಸುವ ಅಡ್ಡದಾರಿಯೂ ಬೇಡ. ಅದರ ಕಣಗಳು ದಪ್ಪವಾಗಿದ್ದು ಕಲೆಕಲೆಯಾಗಿ ಉಳಿಯುತ್ತವೆ.

ಇಷ್ಟಾದರೂ ಮಬ್ಬು ಬಂದರೆ ಉಜ್ಜಬೇಡಿ. ಒಣ ದಿನಕ್ಕಾಗಿ ಕಾದು, ಮೇಲೆ ತೆಳುವಾದ ಹೊಳಪಿನ ಕ್ಲಿಯರ್ ಲೇಪ ಹೊಡೆಯಿರಿ. ಸಿಲಿಕಾದಿಂದ ಬಂದ ಬಿಳುಪಾದರೆ ಅದು ಒರಟು ಮೇಲ್ಮೈಯನ್ನು ತುಂಬುವುದರಿಂದ ಬಹುತೇಕ ಮಾಯವಾಗುತ್ತದೆ. ತೇವದಿಂದ ಬಂದದ್ದಾದರೆ ಲ್ಯಾಕರ್ ದ್ರಾವಕದ ಹೊಳಪಿನ ಲೇಪ ಹಳೆಯ ಪದರವನ್ನು ಮೆತ್ತಗಾಗಿಸಿ ಸಿಕ್ಕಿಬಿದ್ದ ನೀರನ್ನು ಹೊರಬಿಡುತ್ತದೆ. ಅದು ಒಣಗಿದ ಮರುದಿನ ಮ್ಯಾಟ್ ಲೇಪವನ್ನು ಮೊದಲಿನಿಂದ ಕೊಡಬಹುದು. ಮಾಸ್ಕಿಂಗ್ ಟೇಪನ್ನು 24 ಗಂಟೆ ಕಳೆದ ಮೇಲೆ, ಅಂಚಿನಿಂದ ನಿಧಾನವಾಗಿ ಹಿಂದಕ್ಕೆ ಮಡಚುತ್ತಾ ಎಳೆಯಿರಿ. ಕೆಲಸ ಮುಗಿದ ಕೂಡಲೇ ಕ್ಯಾನನ್ನು ತಲೆಕೆಳಗಾಗಿಸಿ, ಬರಿಯ ಅನಿಲ ಬರುವವರೆಗೆ ಒತ್ತಿ ಮೂತಿಯನ್ನು ಸ್ವಚ್ಛಗೊಳಿಸಿಡಿ.