ಆನ್‌ಲೈನ್ ಕೋರ್ಸಿನಲ್ಲಿ ಅಂಕ ಪ್ರಕಟವಾಗುವುದು ತಡವಾದಾಗ ಏನು ಮಾಡಬೇಕು

ಅಸೈನ್‌ಮೆಂಟ್ ಸಲ್ಲಿಸಿ ವಾರಗಳು ಕಳೆದರೂ ಅಂಕದ ಜಾಗದಲ್ಲಿ ಒಂದು ಅಡ್ಡಗೀಟು ಮಾತ್ರ ಕಾಣುತ್ತಿದ್ದರೆ ಯಾವ ವಿದ್ಯಾರ್ಥಿಗಾದರೂ ಕಳವಳವಾಗುವುದು ಸಹಜ. ಆದರೆ ಪುಟವನ್ನು ಮತ್ತೆ ಮತ್ತೆ ತೆರೆದು ನೋಡುವುದರಿಂದ ಏನೂ ತಿಳಿಯುವುದಿಲ್ಲ. ಅಂಕ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಪತ್ತೆ ಮಾಡಿದರೆ, ಕಾಯಬೇಕೋ ಕೇಳಬೇಕೋ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ಮೊದಲು ನಿಮ್ಮ ಕೆಲಸ ತಲುಪಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಬೇರೆ ಯಾವ ಕಾರಣವಿದ್ದರೂ ಕಾಯಬಹುದು, ಇದೊಂದಕ್ಕೆ ಮಾತ್ರ ಕಾಯುವಂತಿಲ್ಲ. ಮೂಡಲ್ ಎಂಬ ಆನ್‌ಲೈನ್ ಕಲಿಕಾ ವ್ಯವಸ್ಥೆಯಲ್ಲಿ ಫೈಲ್ ಏರಿಸಿದ ಮೇಲೂ, ಬೋಧಕರು ಹಾಗೆ ಹೊಂದಿಸಿದ್ದರೆ, ಕೊನೆಯ ಸಲ್ಲಿಕೆಯ ಬಟನ್ ಒತ್ತುವವರೆಗೆ ಅದು ‘ಡ್ರಾಫ್ಟ್’ ಆಗಿಯೇ ಉಳಿಯುತ್ತದೆ. ‘ಸಬ್ಮಿಟೆಡ್ ಫಾರ್ ಗ್ರೇಡಿಂಗ್’ ಎಂದು ಕಂಡರೆ ಮಾತ್ರ ಸಲ್ಲಿಕೆ ಪೂರ್ಣಗೊಂಡಿದೆ ಎಂದರ್ಥ. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಫೈಲ್ ಲಗತ್ತಿಸಿದರೆ ಸಾಲದು, ‘ಟರ್ನ್ಡ್ ಇನ್’ ಎಂಬ ಸ್ಥಿತಿ ಕಾಣಬೇಕು. ಸ್ಥಿತಿ ಸರಿಯಿದ್ದರೂ ಒಮ್ಮೆ ನೀವು ಸಲ್ಲಿಸಿದ ಫೈಲನ್ನೇ ಅಲ್ಲಿಂದ ಇಳಿಸಿಕೊಂಡು ತೆರೆದು ನೋಡಿ. ಹಳೆಯ ಆವೃತ್ತಿಯೋ ತೆರೆಯಲಾಗದ ಫೈಲೋ ಹೋಗಿದ್ದರೆ ಅದು ಈಗಲೇ ಗೊತ್ತಾಗುವುದು ಒಳ್ಳೆಯದು.

ಸಲ್ಲಿಕೆ ಸರಿಯಾಗಿದ್ದರೆ ಅಂಕ ಮೌಲ್ಯಮಾಪಕರ ಕಡೆ ಇದೆ. ಅಲ್ಲಿ ‘ಮೌಲ್ಯಮಾಪನ ಆಗಿಲ್ಲ’ ಎನ್ನುವುದು ಬೇರೆ, ‘ಆಗಿದೆ, ಆದರೆ ಪ್ರಕಟಿಸಿಲ್ಲ’ ಎನ್ನುವುದು ಬೇರೆ. ಮೂಡಲ್‌ನಲ್ಲಿ ಬೋಧಕರು ಹಂತಹಂತದ ಮೌಲ್ಯಮಾಪನ ಕ್ರಮವನ್ನು ಬಳಸುತ್ತಿದ್ದರೆ, ಉತ್ತರ ತಿದ್ದಿದ ಮೇಲೆ ಅದು ಪರಿಶೀಲನೆಗೆ ಹೋಗಿ, ‘ರಿಲೀಸ್ಡ್’ ಎಂಬ ಕೊನೆಯ ಹಂತ ತಲುಪಿದಾಗಲೇ ಅಂಕ ವಿದ್ಯಾರ್ಥಿಗೆ ಕಾಣುತ್ತದೆ. ಕ್ಯಾನ್ವಾಸ್ ಎಂಬ ಇನ್ನೊಂದು ಕಲಿಕಾ ವ್ಯವಸ್ಥೆಯಲ್ಲಿ ಅಂಕದ ಬದಲು ಅಡ್ಡಗೆರೆ ಎಳೆದ ಕಣ್ಣಿನ ಚಿಹ್ನೆ ಕಂಡರೆ, ಬೋಧಕರು ಎಲ್ಲರ ಅಂಕಗಳನ್ನು ತಾವಾಗಿ ಪ್ರಕಟಿಸುವವರೆಗೆ ತಡೆಹಿಡಿದಿದ್ದಾರೆ ಎಂದು ತಿಳಿಯಬೇಕು. ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಬೋಧಕರು ಅಂಕ ನಮೂದಿಸಿದ್ದರೂ ಕೆಲಸವನ್ನು ‘ರಿಟರ್ನ್’ ಮಾಡುವವರೆಗೆ ಅದು ನಿಮಗೆ ಕಾಣುವುದಿಲ್ಲ. ಹೀಗೆ ತಡೆಹಿಡಿಯುವುದಕ್ಕೆ ಬಹಳಷ್ಟು ಸಲ ನ್ಯಾಯವಾದ ಕಾರಣವೇ ಇರುತ್ತದೆ: ಹಲವು ಮೌಲ್ಯಮಾಪಕರು ಹಂಚಿಕೊಂಡು ತಿದ್ದಿದಾಗ ಒಬ್ಬರು ಬಿಗಿಯಾಗಿ, ಇನ್ನೊಬ್ಬರು ಸಡಿಲವಾಗಿ ಅಂಕ ಕೊಟ್ಟಿರಬಹುದು, ಅದನ್ನು ಸರಿದೂಗಿಸದೆ ಪ್ರಕಟಿಸಿದರೆ ಯಾರಿಗೋ ಅನ್ಯಾಯವಾಗುತ್ತದೆ.

ಕ್ವಿಜ್‌ಗಳದ್ದು ಸ್ವಲ್ಪ ಬೇರೆ ಲೆಕ್ಕ. ಆಯ್ಕೆಯ ಪ್ರಶ್ನೆಗಳನ್ನು ವ್ಯವಸ್ಥೆಯೇ ತಿದ್ದುತ್ತದೆ, ಆದರೆ ಪ್ರಬಂಧ ರೂಪದ ಒಂದೇ ಒಂದು ಪ್ರಶ್ನೆಯಿದ್ದರೂ ಅದನ್ನು ಬೋಧಕರು ಓದುವವರೆಗೆ ಅಂತಿಮ ಅಂಕ ಸಿದ್ಧವಾಗುವುದಿಲ್ಲ. ಕ್ವಿಜ್ ಮುಚ್ಚಿದ ಮೇಲಷ್ಟೇ ಅಂಕ ತೋರಿಸುವಂತೆ ಹೊಂದಿಸಿದ್ದರೆ, ಎಲ್ಲರೂ ಬರೆದು ಮುಗಿಸುವವರೆಗೆ ನೀವೂ ಕಾಯಬೇಕಾಗುತ್ತದೆ. ಸಹಪಾಠಿಗಳೇ ಮೌಲ್ಯಮಾಪನ ಮಾಡುವ ಕೋರ್ಸುಗಳಲ್ಲಿ, ಕೋರ್ಸೆರಾದಲ್ಲಿ ಇರುವಂತೆ, ನೀವು ಇತರರ ಕೆಲಸವನ್ನು ನಿಗದಿತ ಸಂಖ್ಯೆಯಲ್ಲಿ ತಿದ್ದಿದ್ದೀರಾ ಎಂದು ನೋಡಿ. ಅದು ಬಾಕಿಯಿದ್ದರೆ ನಿಮ್ಮ ಅಂಕ ತಡವಾಗಿರುವುದು ನಿಮ್ಮ ಕಡೆಯಿಂದಲೇ.

ಇನ್ನು ಒಟ್ಟು ಅಂಕದ ವಿಚಾರ. ಅಂಕ ತಡವಾದಾಗ ನಿಜವಾದ ಹಾನಿ ಆಗುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಪರದೆಯ ಮೇಲಿನ ಮೊತ್ತವನ್ನು ನಂಬಿ ವಿದ್ಯಾರ್ಥಿಗಳು ತಪ್ಪು ನಿರ್ಧಾರ ತೆಗೆದುಕೊಳ್ಳುತ್ತಾರೆ. ಒಂದು ಕೋರ್ಸಿನಲ್ಲಿ ಕ್ವಿಜ್‌ಗೆ 20, ಅಸೈನ್‌ಮೆಂಟ್‌ಗೆ 30, ಅಂತಿಮ ಪರೀಕ್ಷೆಗೆ 50 ಅಂಕ ಎಂದುಕೊಳ್ಳಿ. ಕ್ವಿಜ್‌ನಲ್ಲಿ ನಿಮಗೆ 16 ಬಂದಿದೆ, ಅಸೈನ್‌ಮೆಂಟ್‌ನ ಅಂಕ ಬಾಕಿಯಿದೆ. ಬಂದ ಅಂಕಗಳನ್ನಷ್ಟೇ ಲೆಕ್ಕ ಹಾಕಿದರೆ ಪರದೆಯ ಮೇಲೆ ಶೇ. 80 ಎಂದು ಕಾಣುತ್ತದೆ. ಬಾಕಿ ಅಸೈನ್‌ಮೆಂಟನ್ನು ಸೊನ್ನೆಯೆಂದು ಹಿಡಿದರೆ 50ಕ್ಕೆ 16, ಅಂದರೆ ಶೇ. 32. ಎರಡೂ ನಿಮ್ಮ ನಿಜಸ್ಥಿತಿಯಲ್ಲ. ಆದ್ದರಿಂದ ಕಾಗದ ತೆಗೆದುಕೊಂಡು ಲೆಕ್ಕವನ್ನು ನೀವೇ ಹಾಕಿ. ಒಟ್ಟು 70 ಅಂಕ ನಿಮ್ಮ ಗುರಿಯಾಗಿದ್ದು, ಅಸೈನ್‌ಮೆಂಟ್‌ನಲ್ಲಿ 18 ಬಂದರೆ ಅಂತಿಮ ಪರೀಕ್ಷೆಯಲ್ಲಿ 36 ಬೇಕು. 24 ಬಂದರೆ 30 ಸಾಕು. ಈ ಎರಡರ ನಡುವೆ ಹೆಚ್ಚಿನದನ್ನೇ ಗುರಿಯಾಗಿಟ್ಟುಕೊಂಡು ಓದಿದರೆ ಅಂಕ ಯಾವಾಗ ಬಂದರೂ ನಿಮ್ಮ ತಯಾರಿ ಕೆಡುವುದಿಲ್ಲ. ಕ್ಯಾನ್ವಾಸ್ ಬಳಸುವವರು ಅಂಕಗಳ ಪುಟದಲ್ಲಿಯೇ ಊಹೆಯ ಅಂಕ ತುಂಬಿ ಮೊತ್ತ ಹೇಗೆ ಬದಲಾಗುತ್ತದೆ ಎಂದು ನೋಡಬಹುದು. ಅದರಿಂದ ನಿಜವಾದ ಅಂಕಕ್ಕೆ ಯಾವ ತೊಂದರೆಯೂ ಇಲ್ಲ.

ಮುಂದಿನ ಅಸೈನ್‌ಮೆಂಟ್ ಹಿಂದಿನದರ ಮೇಲೆ ನಿಂತಿದ್ದರೆ ಅಂಕಕ್ಕಿಂತ ಮೌಲ್ಯಮಾಪಕರ ಅಭಿಪ್ರಾಯವೇ ಮುಖ್ಯ. ಮೌಲ್ಯಮಾಪನದ ಮಾನದಂಡಗಳನ್ನು ಕೊಟ್ಟಿದ್ದರೆ ಅವುಗಳನ್ನು ಮುಂದಿಟ್ಟುಕೊಂಡು ನಿಮ್ಮ ಹಳೆಯ ಕೆಲಸಕ್ಕೆ ನೀವೇ ಅಂಕ ಹಾಕಿ ನೋಡಿ. ಕೆಲವು ದಿನ ಬಿಟ್ಟು ಓದಿದಾಗ ಬರೆಯುವ ವೇಳೆ ಕಾಣದಿದ್ದ ಲೋಪಗಳು ಕಾಣುತ್ತವೆ. ಸಂಶಯವಿರುವ ಒಂದೋ ಎರಡೋ ಅಂಶಗಳನ್ನು ಬೋಧಕರ ಬಳಿ ನೇರವಾಗಿ ಕೇಳಿ. ಅಂಕ ಹೇಳಲು ಆಗದಿದ್ದರೂ ಇಂತಹ ಪ್ರಶ್ನೆಗೆ ಉತ್ತರಿಸಲು ಅವರಿಗೆ ಅಡ್ಡಿಯಿರುವುದಿಲ್ಲ.

ಬೋಧಕರಿಗೆ ಬರೆಯುವ ಮೊದಲು ಕೋರ್ಸಿನ ಕೈಪಿಡಿಯಲ್ಲಿ ಅಂಕ ನೀಡುವ ಅವಧಿಯನ್ನು ಹೇಳಿದ್ದಾರೆಯೇ ಎಂದು ನೋಡಿ. ಆ ಅವಧಿ ಮುಗಿದಿದ್ದರೆ ಕೇಳುವುದರಲ್ಲಿ ಸಂಕೋಚ ಬೇಡ, ಆದರೆ ಪತ್ರದಲ್ಲಿ ದೂರಿನ ಧ್ವನಿಯೂ ಬೇಡ. ಹೀಗೆ ಬರೆಯಬಹುದು:

“ಮಾನ್ಯರೇ, ನಾನು ನಿಮ್ಮ ಕೋರ್ಸಿನ ವಿದ್ಯಾರ್ಥಿ. ಎರಡನೆಯ ಅಸೈನ್‌ಮೆಂಟನ್ನು ಗಡುವಿನೊಳಗೆ ಸಲ್ಲಿಸಿದ್ದು, ವ್ಯವಸ್ಥೆಯಲ್ಲಿ ಸಲ್ಲಿಕೆಯಾಗಿದೆ ಎಂದೇ ತೋರಿಸುತ್ತಿದೆ. ಅದರ ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ. ಕೈಪಿಡಿಯಲ್ಲಿ ತಿಳಿಸಿದ ಅವಧಿ ಕಳೆದಿರುವುದರಿಂದ, ನನ್ನ ಕಡೆಯಿಂದ ಏನಾದರೂ ಬಾಕಿಯಿದೆಯೇ ಮತ್ತು ಅಂಕಗಳನ್ನು ಯಾವಾಗ ನಿರೀಕ್ಷಿಸಬಹುದು ಎಂದು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.”

ಇದಕ್ಕೆ ನಿಮ್ಮ ಹೆಸರು, ನೋಂದಣಿ ಸಂಖ್ಯೆ, ಕೋರ್ಸಿನ ಸಂಕೇತ ಸೇರಿಸಿ. ಸಹಪಾಠಿಗಳಿಗೆಲ್ಲ ಅಂಕ ಬಂದು ನಿಮಗೊಬ್ಬರಿಗೇ ಬಂದಿಲ್ಲವಾದರೆ ಅದನ್ನೂ ಬರೆಯಿರಿ, ಏಕೆಂದರೆ ಅದು ಸಾಮಾನ್ಯ ವಿಳಂಬವಲ್ಲ, ನಿಮ್ಮ ಕಡತವೊಂದೇ ಎಲ್ಲೋ ಸಿಕ್ಕಿಕೊಂಡಿರುವ ಸೂಚನೆ. ಒಂದು ವಾರ ಉತ್ತರ ಬಾರದಿದ್ದರೆ ಅದೇ ಪತ್ರದ ಕೆಳಗೆ ನೆನಪೋಲೆ ಬರೆದು, ಆಮೇಲೂ ಮೌನವಾದರೆ ವಿಭಾಗದ ಕಚೇರಿಯನ್ನು ಸಂಪರ್ಕಿಸಿ.

ವಿದ್ಯಾರ್ಥಿವೇತನಕ್ಕೋ ಉದ್ಯೋಗದ ಅರ್ಜಿಗೋ ಅಂಕ ತುರ್ತಾಗಿ ಬೇಕಿದ್ದರೆ ಆ ಗಡುವನ್ನು ಪತ್ರದ ಮೊದಲ ಸಾಲಿನಲ್ಲಿಯೇ ತಿಳಿಸಿ. ಅದರ ಜೊತೆಗೆ, ಫಲಿತಾಂಶ ಬಾಕಿಯಿದೆ ಎಂಬ ದೃಢೀಕರಣ ಪತ್ರ ಸಿಗುತ್ತದೆಯೇ ಎಂದು ಪರೀಕ್ಷಾ ಕಚೇರಿಯಲ್ಲಿ ವಿಚಾರಿಸಿ, ಅದನ್ನು ಒಪ್ಪುತ್ತಾರೆಯೇ ಎಂದು ಅರ್ಜಿ ಪಡೆಯುವವರನ್ನೂ ಕೇಳಿಕೊಳ್ಳಿ. ಕಲಿಕಾ ವ್ಯವಸ್ಥೆಯಲ್ಲಿ ಕಾಣುವ ಅಂಕ ಸಾಮಾನ್ಯವಾಗಿ ತಾತ್ಕಾಲಿಕ. ಸಂಸ್ಥೆಯ ಅಧಿಕೃತ ಅಂಕಪಟ್ಟಿಯೇ ಅಂತಿಮ.

ಕಾಯುವ ದಿನಗಳಲ್ಲಿ ಅಂಕ ಪ್ರಕಟಣೆಯ ಸೂಚನೆ ಇಮೇಲ್‌ಗೆ ಬರುವಂತೆ ಹೊಂದಿಸಿಕೊಂಡು ಪುಟ ತೆರೆಯುವುದನ್ನು ನಿಲ್ಲಿಸಿ. ಅಂಕ ಬಂದ ದಿನವೇ ಮೌಲ್ಯಮಾಪಕರ ಟಿಪ್ಪಣಿಗಳನ್ನೂ ತೆರೆದು ಓದಿ, ಅಂಶವಾರು ಅಂಕಗಳನ್ನು ಕೂಡಿಸಿ ಮೊತ್ತಕ್ಕೆ ಹೊಂದುತ್ತದೆಯೇ ನೋಡಿ, ಮರುಮೌಲ್ಯಮಾಪನ ಕೋರಲು ಎಷ್ಟು ದಿನಗಳ ಅವಕಾಶವಿದೆ ಮತ್ತು ಅದು ಯಾವ ದಿನದಿಂದ ಆರಂಭವಾಗುತ್ತದೆ ಎಂಬುದನ್ನು ನಿಯಮಾವಳಿಯಲ್ಲಿ ಪರಿಶೀಲಿಸಿ. ಅಂಕ ಎಷ್ಟೇ ತಡವಾಗಿ ಬಂದಿದ್ದರೂ ಆ ಅವಧಿ ತಾನಾಗಿ ವಿಸ್ತರಣೆಯಾಗುತ್ತದೆ ಎಂದು ಭಾವಿಸಬೇಡಿ. ಹೆಚ್ಚು ಸಮಯ ಬೇಕಿದ್ದರೆ ಗಡುವು ಮುಗಿಯುವ ಮೊದಲೇ ಲಿಖಿತವಾಗಿ ಕೇಳಿ.