ಡಬ್ಬಿ ಒಂದೇ ಆದರೆ ಆಯಸ್ಸೂ ಒಂದೇ: ಆಡಿಯೋ ಕೊಳ್ಳುವುದರಲ್ಲಿ ನನ್ನ ಅನುಭವ

2018ರಲ್ಲಿ ದಾವಣಗೆರೆಯ ವಿದ್ಯಾನಗರಕ್ಕೆ ಮನೆ ಬದಲಾಯಿಸಿದಾಗ, ಸ್ಟ್ರೀಮರ್ (ಇಂಟರ್‌ನೆಟ್‌ನಿಂದ ಹಾಡು ತರುವುದು), ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ವಿದ್ಯುತ್ ಅಲೆಯಾಗಿ ಬದಲಿಸುವುದು), ಆಂಪ್ಲಿಫೈಯರ್ ಮೂರೂ ಒಂದೇ ಡಬ್ಬಿಯಲ್ಲಿದ್ದ ಸೆಟ್‌ಗೆ 1 ಲಕ್ಷ 40 ಸಾವಿರ ಕೊಟ್ಟೆ. ಹಾಡು ಕೇಳಲು ನಿಜಕ್ಕೂ ಚೆನ್ನಾಗಿತ್ತು. ಐದನೇ ವರ್ಷಕ್ಕೆ ಅದರ ಆಪ್‌ಗೆ ಅಪ್‌ಡೇಟ್ ನಿಂತಿತು, ಹೊಸ ಫೋನಿನಲ್ಲಿ ತೆರೆಯಲೇ ಇಲ್ಲ. ಆಂಪ್ಲಿಫೈಯರ್ ಗಟ್ಟಿಯಾಗೇ ಇತ್ತು, ಆದರೂ 30 ಸಾವಿರಕ್ಕೂ ಯಾರೂ ಕೇಳಲಿಲ್ಲ.

ಅದೇ ಹೊತ್ತಿಗೆ ಅಪ್ಪನ ಎಂಬತ್ತರ ದಶಕದ ಆಂಪ್ಲಿಫೈಯರ್ ಗುಂಯ್ ಅನ್ನತೊಡಗಿತು. ಮಂಡಿಪೇಟೆ ಕಡೆಯ ರಿಪೇರಿ ಅಂಗಡಿಗೆ ಒಯ್ದೆ. ಅವರು ಮುಚ್ಚಳ ಬಿಚ್ಚಿ, ವಿದ್ಯುತ್ ಹಿಡಿದಿಡುವ ದೊಡ್ಡ ಕೆಪ್ಯಾಸಿಟರ್‌ನ ನೆತ್ತಿ ಮೇಲೆ ನನ್ನ ಬೆರಳಿಟ್ಟು ಸವರಿಸಿದರು. ಚಪ್ಪಟೆ ಇರಬೇಕಾದದ್ದು ಪೂರಿ ಹಾಗೆ ಉಬ್ಬಿತ್ತು. "ಇಷ್ಟೇ ಸರ್, ಉಳಿದದ್ದೆಲ್ಲ ಕಲ್ಲು" ಅಂದರು. ನಾಲ್ಕು ಕೆಪ್ಯಾಸಿಟರ್, ಕೂಲಿ ಸೇರಿ 900 ರೂಪಾಯಿ.

ಆಮೇಲೆ ನಾನು ಕೊಳ್ಳುವ ರೀತಿಯೇ ಬದಲಾಯಿತು. ಸ್ಟ್ರೀಮರ್, ಡ್ಯಾಕ್ ಥರ ಬೇಗ ಹಳೆಯದಾಗುವ ಭಾಗ ಬೇರೆ ಡಬ್ಬಿಯಲ್ಲಿರಬೇಕು, ಅದಕ್ಕೆ ಕಡಿಮೆ ದುಡ್ಡು. ಸಿಡಿಯಲ್ಲಿ ಧ್ವನಿ ದಾಖಲಿಸುವ 16 ಬಿಟ್, 44.1 ಕಿಲೋಹರ್ಟ್ಸ್ ಲೆಕ್ಕ 1982ರಿಂದ ಹಾಗೇ ಇದೆ, ಅದನ್ನು ಸಾಧಾರಣ ಡ್ಯಾಕ್ ಕೂಡ ಸಲೀಸಾಗಿ ನುಡಿಸುತ್ತೆ. ಆದರೆ ಎಂಕ್ಯೂಎ ಅನ್ನುವ ಆಡಿಯೋ ಫಾರ್ಮ್ಯಾಟ್‌ಗೆ ಬೆಂಬಲ ಇದೆ ಅಂತ ಎಷ್ಟೋ ಜನ ಜಾಸ್ತಿ ಕೊಟ್ಟು ಡ್ಯಾಕ್ ಕೊಂಡರು, 2024ರಲ್ಲಿ ಹಾಡಿನ ಸ್ಟ್ರೀಮಿಂಗ್ ಸೇವೆ ಟೈಡಲ್ ಅದನ್ನು ಬಿಟ್ಟು ಫ್ಲ್ಯಾಕ್ ಅನ್ನುವ ಮುಕ್ತ ಫಾರ್ಮ್ಯಾಟ್‌ಗೆ ಹೋಯಿತು.

ಹೋಲಿಸಿ ಕೇಳುವಾಗ ಒಂದು ವಿಷಯ ಗಮನಿಸಿ. ಸ್ವಲ್ಪ ಜೋರಾಗಿ ಕೇಳಿಸುವುದೇ ಚೆನ್ನಾಗಿದೆ ಅಂತ ಕಿವಿಗೆ ಅನಿಸುತ್ತೆ. ಅದಕ್ಕೇ ನಾನು ಸಾವಿರ ಹರ್ಟ್ಸ್ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದು, ಎರಡೂ ಡ್ಯಾಕ್‌ಗೆ ವೋಲ್ಟೇಜ್ ಒಂದೇ ಬರುವಂತೆ ವಾಲ್ಯೂಮ್ ಹೊಂದಿಸಿದೆ. ಯಾವುದು ಓಡುತ್ತಿದೆ ಅಂತ ಹೇಳದೆ ಮಗಳು ಬದಲಾಯಿಸುತ್ತಾ ಹೋದಳು. 12 ಸಾವಿರದ್ದು ಯಾವುದು, 80 ಸಾವಿರದ್ದು ಯಾವುದು, ನನಗೆ ಗೊತ್ತಾಗಲಿಲ್ಲ. ಸ್ಪೀಕರ್ ಬದಲಾಯಿಸಿದಾಗ ಮಾತ್ರ ಮೊದಲ ಸಾಲಿಗೇ ಗೊತ್ತಾಯಿತು.

ಹಾಗಾಗಿ ಮುಕ್ಕಾಲು ದುಡ್ಡು ಸ್ಪೀಕರ್‌ಗೆ ಹಾಕಿದೆ. ಸ್ಪೀಕರ್‌ನಲ್ಲಿ ಅದುರುವ ಕೋನಿನ ಸುತ್ತ ಫೋಮ್ ಅಲ್ಲ, ರಬ್ಬರ್ ಇರುವುದನ್ನೇ ಆರಿಸಿದೆ, ಫೋಮ್ ವರ್ಷಗಳು ಕಳೆದಂತೆ ಪುಡಿಯಾಗಿ ಉದುರುತ್ತೆ. ಆಂಪ್ಲಿಫೈಯರ್ ಕೊಳ್ಳುವಾಗ ಅಂಗಡಿಯವರನ್ನು ಎರಡೇ ಕೇಳಿದೆ: ಆಪ್ ಇಲ್ಲದೆ ಓಡುತ್ತಾ? ಸರ್ವಿಸ್ ಮ್ಯಾನ್ಯುಯಲ್ ಸಿಗುತ್ತಾ?

ಇನ್ನೊಂದು ನಮ್ಮೂರಿನ ಬಿಸಿಲಿನ ವಿಷಯ. ಶಾಖ 10 ಡಿಗ್ರಿ ಏರಿದರೆ ಕೆಪ್ಯಾಸಿಟರ್ ಆಯಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತೆ. ಗಾಜಿನ ಬಾಗಿಲಿನ ಶೋಕೇಸ್ ಒಳಗಿಂದ ಆಂಪ್ಲಿಫೈಯರ್ ತೆಗೆದು, ಮೇಲೆ ಗೇಣುದ್ದ ಜಾಗ ಬಿಟ್ಟು ಇಟ್ಟಿದ್ದೇನೆ. ಅಪ್ಪನದು ಪಕ್ಕದ ರೂಮಿನಲ್ಲಿ ಈಗಲೂ ಹಾಡುತ್ತಿದೆ.